ಅರವತ್ತಮೂರರಲ್ಲಿ ತೋಡಿದ ಗುಂಡಿಗಳು

ಈ ಪುಟದಲ್ಲಿ ಮೈಲುತುತ್ತದ ದಾಸ್ತಾನು, ಸಾಲದ ಬಾಕಿ, ಗೊಬ್ಬರದ ಲಾರಿ ಬರುವ ದಿನ, ಇವುಗಳನ್ನು ಬರೆಯುವುದು ಕಾರ್ಯದರ್ಶಿಯಾದ ನನ್ನ ವಾಡಿಕೆ. ಈ ಬಾರಿ ಅವನ್ನೆಲ್ಲ ಕೊನೆಯ ಪುಟಕ್ಕೆ ತಳ್ಳಿ, ನಮ್ಮ ಸದಸ್ಯರೊಬ್ಬರ ವಿಚಾರ ಬರೆಯಬೇಕೆಂದಿದ್ದೇನೆ. ಹೆಸರು ಹಾಕಬಾರದೆಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ನಮ್ಮ ಕಡೆಯವರಿಗೆ ಯಾರೆಂದು ತಿಳಿಯದೆ ಇರುವುದಿಲ್ಲ, ಆದರೂ ಮಾತು ಮಾತೇ. ಇಲ್ಲಿ ಅವರನ್ನು ಗೌಡ್ರು ಎಂದಷ್ಟೇ ಕರೆಯುತ್ತೇನೆ.

2016ರ ಫೆಬ್ರವರಿ ತಿಂಗಳ ಒಂದು ಮಧ್ಯಾಹ್ನ ಗೌಡ್ರು ಸಂಘದ ಕಚೇರಿಗೆ ಬಂದರು. ನಾನು ಕಾರ್ಯದರ್ಶಿಯಾಗಿ ಆಗಿನ್ನೂ ಎರಡನೆಯ ವರ್ಷ. ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಜೇಬಿನಿಂದ ನಾಲ್ಕಾಗಿ ಮಡಿಸಿದ ಅರ್ಜಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಎರಡು ಎಕರೆ ಅಡಿಕೆ ತೋಟವನ್ನು ಪೂರ್ತಿ ಕಡಿದು ಹೊಸದಾಗಿ ನೆಡಲು ಮೂರು ಲಕ್ಷ ರೂಪಾಯಿ ಸಾಲ ಬೇಕೆಂದು ಬರೆದಿದ್ದರು. ವಯಸ್ಸು ಎಂಬಲ್ಲಿ 63 ಎಂದಿತ್ತು.

ನಾನು ಅರ್ಜಿ ಓದಿ, ಕನ್ನಡಕ ತೆಗೆದಿಟ್ಟು, ಮಕ್ಕಳು ಏನಂತಾರೆ ಗೌಡ್ರೇ ಎಂದು ಕೇಳಿದೆ.

"ಮಕ್ಕಳು ಬೆಂಗಳೂರಲ್ಲಿದ್ದಾರೆ ಮಾರಾಯ್ರೇ. ಮಾರಿ ಬನ್ನಿ ಅಂತಾರೆ" ಎಂದರು.

"ಅವರು ಹೇಳುವುದೂ ತಪ್ಪಲ್ಲ."

"ತಪ್ಪು ಅಂತ ನಾನೂ ಹೇಳಲಿಲ್ಲ. ಅರ್ಜಿ ತಗೊಳ್ತೀರೋ ಇಲ್ಲವೋ ಹೇಳಿ."

ಅವರ ತೋಟದ ಸ್ಥಿತಿ ನನಗೆ ಗೊತ್ತಿತ್ತು. ಹಳದಿ ಎಲೆ ರೋಗ ಹೊಕ್ಕ ತೋಟ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ಆಚೆ ಸುಳ್ಯದ ಕಡೆಯ ಬೆಳೆಗಾರರಿಗೆ ಈ ರೋಗವನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಇತರರಿಗಾಗಿ ನಾಲ್ಕು ಮಾತು: ಕೊಳೆರೋಗವಾದರೆ ಮಳೆಗಾಲದ ಮುಂಚೆ ಬೋರ್ಡೊ ಹೊಡೆದು, ನಡುವೆ ಇನ್ನೊಮ್ಮೆ ಹೊಡೆದು, ಕೈಲಾದಷ್ಟು ಉಳಿಸಿಕೊಳ್ಳಬಹುದು. ಹಳದಿ ರೋಗಕ್ಕೆ ಹಾಗೆ ಹೊಡೆಯುವ ಔಷಧಿಯೇ ಇಲ್ಲ. ಫೈಟೊಪ್ಲಾಸ್ಮಾ ಎಂಬ ಬರಿಗಣ್ಣಿಗೆ ಕಾಣದ ಜೀವಿ ಮರದ ರಸನಾಳದಲ್ಲಿ ಸೇರಿಕೊಳ್ಳುತ್ತದೆ. ರಸ ಹೀರುವ ಸಣ್ಣ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಸೋಗೆಯ ಎಲೆಗಳು ತುದಿಯಿಂದ ಹಳದಿಗೆ ತಿರುಗುತ್ತವೆ, ವರ್ಷ ಕಳೆದಂತೆ ಸೋಗೆ ಗಿಡ್ಡವಾಗುತ್ತದೆ, ಬೇರಿನ ತುದಿ ಕೊಳೆಯುತ್ತದೆ, ಅಡಿಕೆ ಒಡೆದರೆ ತಿರುಳು ಮೆತ್ತಗೆ, ಕಪ್ಪಗೆ. ಮರ ಒಮ್ಮೆಗೇ ಸಾಯುವುದಿಲ್ಲ. ಹತ್ತಾರು ವರ್ಷ ನಿಂತೇ ಇರುತ್ತದೆ, ಫಲ ಮಾತ್ರ ಕೊಡುವುದಿಲ್ಲ. ಈ ರೋಗದ ದೊಡ್ಡ ಕ್ರೌರ್ಯ ನನ್ನ ದೃಷ್ಟಿಯಲ್ಲಿ ಇದೇ. ಸತ್ತ ಮರವನ್ನು ಯಾರೂ ಕಡಿಯುತ್ತಾರೆ. ನಿಂತ ಮರವನ್ನು, ಅದೂ ಅಪ್ಪ ನೆಟ್ಟದ್ದನ್ನು, ಕಡಿಯಲು ಕೈ ಬರುವುದಿಲ್ಲ. ಮುಂದಿನ ವರ್ಷ ಸುಧಾರಿಸೀತು ಎಂದು ಗೊಬ್ಬರ ಹಾಕುತ್ತಾ, ಸುಣ್ಣ ಹಾಕುತ್ತಾ, ಮನುಷ್ಯ ಮುದುಕನಾಗಿಬಿಡುತ್ತಾನೆ.

ಗೌಡ್ರ ತೋಟ ಒಂದು ಕಾಲಕ್ಕೆ ಹದಿನೆಂಟು ಕ್ವಿಂಟಾಲ್ ಕೊಟ್ಟದ್ದು ನಮ್ಮ ಲೆಡ್ಜರಿನಲ್ಲಿದೆ. 2015ರ ಕೊಯ್ಲಿನಲ್ಲಿ ಬಂದದ್ದು ನಾಲ್ಕೂವರೆ. ಕೊನೆಗಾರನ ಕೂಲಿ, ಸುಲಿಯುವ ಕೂಲಿ, ಔಷಧಿ ಹೊಡೆಸಿದ ಖರ್ಚು ಕಳೆದರೆ ಮನೆಗೆ ಉಳಿದದ್ದು ಹಾಳೆ ಮತ್ತು ಸೋಗೆ.

ಅರ್ಜಿಯನ್ನು ತೆಗೆದುಕೊಂಡೆ; ಒಲವಿನಿಂದಲ್ಲ. ನಮ್ಮ ಸಂಘದಲ್ಲಿ ಅರವತ್ತು ದಾಟಿದವರ ದೀರ್ಘಾವಧಿ ಸಾಲಕ್ಕೆ ವಾರಸುದಾರರ ಸಹಿ ಬೇಕೆಂಬ ರೂಢಿ ಇತ್ತು. ಮಕ್ಕಳು ಸಹಿ ಹಾಕುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದ್ದರು. ಪೇಟೆಯ ಬ್ಯಾಂಕೊಂದು ಅದಾಗಲೇ ಇಲ್ಲವೆಂದಿತ್ತು. ನಾನು ಅಂದು ಗೌಡ್ರಿಗೆ ಅರ್ಧ ಗಂಟೆ ಬುದ್ಧಿ ಹೇಳಿದೆ. ರೊಬಸ್ಟಾ ನೆಟ್ಟರೆ ಮೊದಲ ಕಾಯಿ ಕಾಣಲು ನಾಲ್ಕು ವರ್ಷ, ಪೂರ್ಣ ಫಸಲಿಗೆ ಆರೇಳು ವರ್ಷ. ಅಡಿಕೆಯಾದರೆ ಇನ್ನೂ ಹೆಚ್ಚು. ಅಷ್ಟರಲ್ಲಿ ನಿಮಗೆ ಎಪ್ಪತ್ತು. ಇದ್ದ ಠೇವಣಿಯ ಬಡ್ಡಿಯಲ್ಲಿ ಇಬ್ಬರು ಆರಾಮವಾಗಿರಬಹುದು, ಎಂದೆಲ್ಲ. ಇವತ್ತು ನೆನೆದರೆ ನಾಚಿಕೆಯಾಗುತ್ತದೆ. ಆದರೆ ಆಗ ನಾನು ಆಡಿದ್ದರಲ್ಲಿ ಲೆಕ್ಕದ ತಪ್ಪು ಒಂದೂ ಇರಲಿಲ್ಲ.

ಊರಿನಲ್ಲೂ ಮಾತು ಹಬ್ಬಿತು. ನಮ್ಮ ಕಡೆಯವರ ನಾಲಿಗೆ ಗೊತ್ತೇ ಇದೆ. ಈ ವಯಸ್ಸಿನಲ್ಲಿ ಗುಂಡಿ ತೋಡುವುದು ಬೇರೆ ಕೆಲಸಕ್ಕೆ ಎಂದು ಯಾರೋ ಸಾರಿಗೆ ಬಸ್ಸಿನಲ್ಲಿ ಹೇಳಿದರಂತೆ. ಗೌಡ್ರು ಮುಂದಿನ ಸೀಟಿನಲ್ಲೇ ಇದ್ದರಂತೆ. ತಿರುಗಿ ನೋಡಿ, "ಅಳತೆ ಒಂದೇ ಅಲ್ಲ, ಇದು ಒಂದೂವರೆ ಅಡಿ" ಎಂದರಂತೆ.

ಆಡಳಿತ ಮಂಡಳಿಯ ಸಭೆಗೆ ಇನ್ನೂ ಹತ್ತು ದಿನವಿತ್ತು. ಆ ನಡುವೆ ಅವರ ಮನೆಗೆ ಹೋದೆ. ಸ್ಥಳ ತನಿಖೆ ಎಂಬ ನೆಪ. ಗೌಡ್ರು ಗದ್ದೆಗೆ ಹೋಗಿದ್ದರು. ಅವರ ಮನೆಯಾಕೆ ಕಾಫಿ ತಂದಿಟ್ಟು ಬಾಗಿಲಿಗೆ ಒರಗಿ ನಿಂತರು. ನೀವಾದರೂ ಅವರಿಗೆ ಹೇಳಬಾರದೇ ಅಕ್ಕಾ ಎಂದೆ.

"ಹೇಳುವುದು ಎಂಥದ್ದು? ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಅದೇ ಹಳದಿ ತೋಟ. ಹದಿನಾರು ವರ್ಷದಿಂದ ಅದನ್ನೇ ನೋಡ್ತಾ ಬಂದೆವು. ಬೆಂಗಳೂರಿಗೆ ಹೋದರೆ ಅದೂ ಇಲ್ಲ, ಎದುರು ಮನೆಯ ಗೋಡೆ. ಕಡಿದು ಏನಾದರೂ ನೆಡಲಿ. ಬಂದರೆ ಬಂತು. ಬರದಿದ್ದರೆ ಹಸುರಾದರೂ ಕಾಣ್ತದಲ್ಲ" ಎಂದರು.

ಅಂದು ರಾತ್ರಿ ಮನೆಯಲ್ಲಿ ಹಳೆಯ ಪುಸ್ತಕಗಳನ್ನು ತೆಗೆದು ಕುಳಿತೆ. ಸಸ್ಯಶಾಸ್ತ್ರದಲ್ಲಿ ಪದವಿ ಪಡೆದವನಿಗೆ ಉಳಿದಿರುವ ಚಟ ಅದೊಂದೇ. ನಾವು ನಮ್ಮ ಕಾಫಿ ತೋಟಗಳನ್ನು ತಲೆತಲಾಂತರದಿಂದ ನಡೆದು ಬಂದದ್ದು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ವಾಸ್ತವದಲ್ಲಿ ಈ ಸೀಮೆಯ ಕಾಫಿ ಎಷ್ಟು ಸಲ ಬುಡಸಮೇತ ಹೋಗಿ ಮತ್ತೆ ಶುರುವಾಗಿದೆ ಎಂಬುದನ್ನು ಮರೆತಿದ್ದೇವೆ. ಮೊದಲಿಗೆ ಇಲ್ಲಿದ್ದದ್ದು 'ಚಿಕ್' ಎಂಬ ತಳಿ. 1860ರ ದಶಕದಲ್ಲಿ ಕೊಡಗು ಮತ್ತು ಮೈಸೂರು ಸೀಮೆಯ ತೋಟಗಳಿಗೆ ಕಾಂಡಕೊರಕ ಬಿದ್ದು ಎಷ್ಟು ಹಾಳುಮಾಡಿತೆಂದರೆ, ಮದರಾಸು ಸರಕಾರ ಜಾರ್ಜ್ ಬಿಡೀ ಎಂಬ ವೈದ್ಯಾಧಿಕಾರಿಯನ್ನು ತನಿಖೆಗೆ ನೇಮಿಸಬೇಕಾಯಿತು. ಆತನ ವರದಿ 1869ರಲ್ಲಿ ಅಚ್ಚಾಯಿತು. ನೆರಳಿಲ್ಲದ ತೋಟದಲ್ಲಿ ಹುಳು ಹೆಚ್ಚು ಎಂಬ, ನಾವು ಇಂದಿಗೂ ಸಭೆಗಳಲ್ಲಿ ಹೇಳುವ ಮಾತು ಅದರಲ್ಲಿದೆ. ಅದೇ 1869ರಲ್ಲಿ ಸಿಂಹಳದಲ್ಲಿ ಎಲೆ ತುಕ್ಕುರೋಗ ಕಾಣಿಸಿಕೊಂಡು, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅಲ್ಲಿನ ಕಾಫಿಯನ್ನೇ ಮುಗಿಸಿತು. ಅಲ್ಲಿಯವರು ಚಹಾಕ್ಕೆ ತಿರುಗಿದರು. ನಮ್ಮವರು ಮಾತ್ರ 'ಚಿಕ್' ಹೋದ ಜಾಗದಲ್ಲಿ 'ಕೂರ್ಗ್' ತಳಿ ನೆಟ್ಟರು. ಆ ದಿನಗಳನ್ನು ಕಂಡ ಎಲಿಯಟ್ ಎಂಬ ಬೆಳೆಗಾರ 1894ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಈ ಕಥೆ ಬರೆದಿದ್ದಾನೆ. 'ಕೂರ್ಗ್' ತಳಿಗೂ ತುಕ್ಕು ಬಿತ್ತು. 1911ರಲ್ಲಿ ಕೆಂಟ್ ಎಂಬ ಬೆಳೆಗಾರ ತನ್ನ ತೋಟದಲ್ಲಿ ತುಕ್ಕು ತಗಲದೆ ನಿಂತ ಗಿಡವೊಂದನ್ನು ಗುರುತಿಸಿ ಅದರ ಬೀಜ ಹಬ್ಬಿಸಿದ. ಕೆಲವು ದಶಕಗಳಲ್ಲಿ ಅದಕ್ಕೂ ತುಕ್ಕು ಬಿತ್ತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಸಂಶೋಧನಾ ಕೇಂದ್ರದವರು ಕೆಂಟನ್ನು ಕೂಡಿಸಿ ಎಸ್. 795 ತಂದರು, 1940ರ ದಶಕದಿಂದ ಅದು ಬೆಳೆಗಾರರ ಕೈಗೆ ಬಂತು. ಆಮೇಲೆ 1985ರಲ್ಲಿ ಕಾವೇರಿ ಬಂತು, ಅದರ ಮೇಲೆ ಕುಣಿದಾಡಿದವರೆಲ್ಲ ಸ್ವಲ್ಪ ವರ್ಷಗಳಲ್ಲಿ ಸುಮ್ಮನಾದರು. 2007ರಲ್ಲಿ ಚಂದ್ರಗಿರಿ ಬಂತು.

ಈ ಸರಣಿಯಲ್ಲಿ ಪ್ರತಿ ಸಲವೂ ಯಾರೋ ಒಬ್ಬರು, ಹೊಸ ಗಿಡ ನಿಲ್ಲುತ್ತದೆಂಬ ಖಾತರಿ ಇಲ್ಲದೆಯೇ, ಹಳೆಯದನ್ನು ಕಿತ್ತಿದ್ದಾರೆ. ಅವರೆಲ್ಲ ಇಪ್ಪತ್ತೈದರ ಪ್ರಾಯದವರೇ ಆಗಿದ್ದಿರಲಾರರು. ಸಂಘದ ರೂಢಿಯನ್ನು ಅಂದು ಅನ್ವಯಿಸಿದ್ದರೆ ಎಷ್ಟು ಮಂದಿಗೆ ಸಾಲ ಸಿಗುತ್ತಿರಲಿಲ್ಲವೋ!

ಸಭೆಯಲ್ಲಿ ಬಿಸಿ ಚರ್ಚೆ ನಡೆಯಿತು. ಅರ್ಜಿಯ ವಿರುದ್ಧ ಮಾತನಾಡಿದವರು ಕೆಟ್ಟವರಲ್ಲ. ಸಂಘದ ಹಣ ಸದಸ್ಯರ ಹಣ, ಅದನ್ನು ಕಾಯುವುದು ಅವರ ಕರ್ತವ್ಯ. ನಾನು ಕಚೇರಿಯ ಟಿಪ್ಪಣಿಯಲ್ಲಿ ಅರ್ಧ ಪರ ಅರ್ಧ ವಿರೋಧ ಬರೆದಿದ್ದೆ. ಹೇಡಿಯ ಟಿಪ್ಪಣಿ ಎನ್ನಬಹುದು. ಕೊನೆಗೆ ಎಂಬತ್ತರ ಹತ್ತಿರವಿದ್ದ ನಿರ್ದೇಶಕರೊಬ್ಬರು, ಮೂರು ಲಕ್ಷ ಬೇಡ, ಒಂದೂವರೆ ಲಕ್ಷ, ಅದೂ ಮೂರು ಕಂತಿನಲ್ಲಿ. ಮೊದಲ ಕಂತಿನ ಗಿಡಗಳು ಒಂದು ಮಳೆಗಾಲ ದಾಟಿ ನಿಂತರೆ ಎರಡನೆಯದು, ಎಂದು ಸೂಚಿಸಿದರು. ಅದೇ ಠರಾವಾಯಿತು. ವಾರಸುದಾರರ ಸಹಿಯ ಬದಲು ಇಬ್ಬರು ಸದಸ್ಯರ ಜಾಮೀನು. ಒಬ್ಬರು ಆ ನಿರ್ದೇಶಕರೇ. ಇನ್ನೊಬ್ಬರು ಸಿಗಲು ಒಂದು ತಿಂಗಳು ಹಿಡಿಯಿತು.

ಅರ್ಧ ಹಣ ಸಿಕ್ಕಿದ್ದೇ ಒಳ್ಳೆಯದಾಯಿತೆಂದು ಈಗ ಗೌಡ್ರೇ ಹೇಳುತ್ತಾರೆ. ಎರಡೆಕರೆ ಒಮ್ಮೆಗೇ ಕಡಿಯುವ ಬದಲು ವರ್ಷಕ್ಕೆ ಅರ್ಧ ಎಕರೆಯಂತೆ ಹೋಗಬೇಕಾಯಿತು. ಹತ್ತಡಿಗೆ ಹತ್ತಡಿ ಅಂತರದಲ್ಲಿ ಸುಮಾರು 220 ರೊಬಸ್ಟಾ ಗಿಡ, ಕಾಲುಭಾಗ ಸಿ.ಆರ್., ಉಳಿದದ್ದು ಎಸ್. 274. ಅಲ್ಲಲ್ಲಿ ಹಾಲುವಾಣದ ಕಂಬ ಊರಿ ಅದಕ್ಕೆ ಪಣಿಯೂರು ಮೆಣಸಿನ ಬಳ್ಳಿ. ತೀರ ಹಾಳಾಗದ ಅಡಿಕೆ ಮರಗಳನ್ನು ಸದ್ಯಕ್ಕೆ ನೆರಳಿಗೆ ಬಿಡುವುದು.

ಕಡಿಯುವ ದಿನ ನಾನೂ ಹೋಗಿದ್ದೆ. ತೋಟದ ಮೇಲ್ದಂಡೆಯ ಹಳೆ ಮರದ ಬುಡದಲ್ಲಿ ಚೌಡಿಯ ಕಲ್ಲಿದೆ. ಗೌಡ್ರು ತೆಂಗಿನಕಾಯಿ ಒಡೆದು, ಹಣ್ಣು ಇಟ್ಟು, ಕೈಮುಗಿದು ಬಹಳ ಹೊತ್ತು ನಿಂತರು. ಇಂಥ ಕಡೆ ನಾನು ಸಾಮಾನ್ಯವಾಗಿ ಹಿಂದೆ ನಿಂತು ಚಪ್ಪಲಿ ನೋಡಿಕೊಳ್ಳುವವನು. ಏನು ಕೇಳಿಕೊಂಡಿರಿ ಎಂದು ಆಮೇಲೆ ಕೇಳಿದೆ. "ಕೇಳಿಕೊಳ್ಳುವುದಕ್ಕೆ ಏನಿದೆ? ಅಪ್ಪ ನೆಟ್ಟಿದ್ದು, ಕಡೀತಿದ್ದೇನೆ, ಸಿಟ್ಟು ಮಾಡಬೇಡ ಅಂದೆ" ಎಂದರು. ಮೊದಲ ಮರಕ್ಕೆ ಕೊಡಲಿ ಹಾಕಿದ್ದು ಅವರೇ. ಎರಡನೆಯದರಿಂದ ಆಳುಗಳು.

ಕಡಿದ ಮರಗಳನ್ನು ಸೀಳಿ ದಬ್ಬೆ ಮಾಡಿದರು. ಅಂಗಳದ ಅಂಚಿನಲ್ಲಿ ಅದೇ ದಬ್ಬೆಯ ಚಪ್ಪರ, ಮೇಲೆ ಅದೇ ಸೋಗೆ, ಕೆಳಗೆ ಕಾಫಿಯ ಪಾತಿ. ಪಾತಿಯ ಜವಾಬ್ದಾರಿ ಮನೆಯಾಕೆಯದು. 2016ರ ಡಿಸೆಂಬರ್ ಕೊನೆಯಲ್ಲಿ ಬೀಜ ಹಾಕಿದ್ದು, ಒಂದೂವರೆ ತಿಂಗಳಿಗೆ ಬೀಜದ ಟೊಪ್ಪಿ ಹೊತ್ತುಕೊಂಡು ಮೊಳಕೆಗಳು ಎದ್ದವು. ಅವನ್ನು ಒಂದೊಂದಾಗಿ ಚೀಲಕ್ಕೆ ಕೂರಿಸಿದ್ದು ಅವರೇ. ಏಪ್ರಿಲ್‌ನ ಮೊದಲ ಮಳೆಯ ಮೇಲೆ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣು ಗೊಬ್ಬರ ತುಂಬಿ, 2017ರ ಜೂನ್‌ನಲ್ಲಿ ಮೊದಲ ಅರ್ಧ ಎಕರೆ ನೆಟ್ಟರು. ಅಡಿಕೆಗೆ ಸಾಕಾಗಿದ್ದ ಬಸಿಗಾಲುವೆ ಕಾಫಿಗೆ ಸಾಲದು; ಬೇರಿನಡಿ ನೀರು ನಿಂತರೆ ಗಿಡ ಹೋಗುತ್ತದೆ. ಎಲ್ಲ ಕಾಲುವೆಗಳನ್ನೂ ಒಂದಡಿ ಆಳ ಮಾಡಿಸಿದರು. ಸಾಲದ ಮೊದಲ ಕಂತಿನಲ್ಲಿ ಹೆಚ್ಚಿನ ಪಾಲು ನುಂಗಿದ್ದು ಗಿಡವಲ್ಲ, ಈ ಕಾಲುವೆ. ಹೊಸದಾಗಿ ನೆಡಲಿರುವವರು ಇದನ್ನು ಗಮನಿಸಬೇಕು.

2019ರ ಆಗಸ್ಟಿನ ಮಳೆಯನ್ನು ಮಲೆನಾಡಿನವರು ಮರೆಯುವಂತಿಲ್ಲ. ಮೂಡಿಗೆರೆ ಕಡೆ ಗುಡ್ಡಗಳೇ ಜಾರಿದವು. ಗೌಡ್ರ ತೋಟದ ಕೆಳಗಿನ ಹಳ್ಳ ದಂಡೆ ಒಡೆದು, ಆ ಜೂನ್‌ನಲ್ಲಿ ನೆಟ್ಟ ಮೂರನೆಯ ಅರ್ಧ ಎಕರೆಯ ಮೇಲೆ ಹರಿಯಿತು. ನೀರು ಇಳಿದಾಗ 160 ಗಿಡ ಇರಲಿಲ್ಲ. ಇದ್ದ ಜಾಗದಲ್ಲಿ ಒಂದಡಿ ಮರಳು. ಗೌಡ್ರು ಎರಡು ತಿಂಗಳು ಸಂಘದ ಕಡೆ ಸುಳಿಯಲಿಲ್ಲ. ಸರ್ವಸಭೆಗೂ ಬರಲಿಲ್ಲ. ಮೂರನೆಯ ಕಂತಿನ ಕಾಗದ ನನ್ನ ಮೇಜಿನ ಖಾನೆಯಲ್ಲೇ ಇತ್ತು.

ಅಕ್ಟೋಬರ್‌ನಲ್ಲಿ ನಾನೇ ಹೋದೆ. ಅವರು ಜಗಲಿಯಲ್ಲಿ ಕುಳಿತಿದ್ದರು. ಆ ದಿನದ ಮಾತನ್ನು ಅವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಗೌಡ್ರಿಗೆ ಎಂಟೆದೆ ಎಂದು ಈಗ ಊರೆಲ್ಲ ಹೇಳುತ್ತದೆ. ಆ ಕಥೆ ಅವರಿಗೇ ಹಿಡಿಸುವುದಿಲ್ಲ.

"ಧೈರ್ಯ ಎಂಥದ್ದು ಮಾರಾಯ್ರೇ" ಎಂದರು. "ಮೊದಲ ವರ್ಷ ಅರ್ಜಿ ಕೊಟ್ಟ ಮೇಲೆ ನನಗೆ ನಿದ್ದೆಯೇ ಇರಲಿಲ್ಲ. ನೂರು ಗಿಡ ನೆಟ್ಟ ಮೇಲೆ ನಿದ್ದೆ ಬಂತು. ಈಗ ಮತ್ತೆ ಹೋಗಿದೆ."

"ಮೂರನೆಯ ಕಂತು ಬೇಡವೆಂದು ಬರೆದು ಕೊಡುತ್ತೀರಾ?"

ಅವರು ಉತ್ತರ ಕೊಡಲಿಲ್ಲ. ಒಳಗಿನಿಂದ ಮನೆಯಾಕೆ ಬಂದು, ಪಾತಿಯಲ್ಲಿ ಹೆಚ್ಚುವರಿಯಾಗಿ ಬೆಳೆಸಿದ ಗಿಡಗಳು ಎಪ್ಪತ್ತರ ಮೇಲಿವೆ, ಅವನ್ನು ಏನು ಮಾಡುವುದು, ಯಾರಿಗಾದರೂ ಮಾರಿಕೊಡುತ್ತೀರಾ ಎಂದು ನನ್ನನ್ನೇ ಕೇಳಿದರು. ಗೌಡ್ರು ತಟ್ಟನೆ, "ಮಾರುವುದು ಎಂಥದ್ದು, ಇಲ್ಲಿಗೇ ಬೇಕು" ಎಂದರು. ಅವರ ಮನೆಯಾಕೆ ಅದನ್ನು ಬೇಕೆಂದೇ ಕೇಳಿದ್ದೆಂದು ನನ್ನ ಗುಮಾನಿ. ಆ ಬೇಸಗೆಯಲ್ಲಿ ಮರಳು ತೆಗೆಸಿ, ಹಳ್ಳದ ದಂಡೆಗೆ ಕಲ್ಲು ಕಟ್ಟಿಸಿ, 2020ರಲ್ಲಿ ಅದೇ ಜಾಗದಲ್ಲಿ ಮತ್ತೆ ನೆಟ್ಟರು. ಕೊನೆಯ ಅರ್ಧ ಎಕರೆ 2021ಕ್ಕೆ ಹೋಯಿತು. ಅಂದರೆ ಅರವತ್ತೆಂಟಕ್ಕೆ.

ಇಲ್ಲಿಂದ ಮುಂದಿನದನ್ನು ಬೇಗ ಹೇಳಿಬಿಡಬಹುದು. 2020-21ರಲ್ಲಿ ಮೊದಲ ಕೊಯ್ಲು ಎರಡು ಚೀಲ ಚೆರ್ರಿ. 2023-24ರಲ್ಲಿ ಇಪ್ಪತ್ತೆರಡು ಚೀಲ, ಮೆಣಸು ಬೇರೆ. ಆ ಹೊತ್ತಿಗೆ ರೊಬಸ್ಟಾದ ಬೆಲೆ ಏರತೊಡಗಿ, 2024ರಲ್ಲಿ ನಾವ್ಯಾರೂ ಹಿಂದೆ ಕಂಡಿರದ ಮಟ್ಟ ಮುಟ್ಟಿತು. ಸಂಘದ ಸಾಲ ಬಡ್ಡಿಸಮೇತ ತೀರಿತು. ಆದರೆ ಇದನ್ನು ಓದಿ ಯಾರೂ ನಾಳೆಯೇ ಕೊಡಲಿ ಎತ್ತಿಕೊಳ್ಳಬಾರದು. ಬೆಲೆ ಬಂದದ್ದು ಗೌಡ್ರ ಅದೃಷ್ಟ. ಅವರು ನೆಟ್ಟಾಗ ಅದು ಯಾರಿಗೂ ಗೊತ್ತಿರಲಿಲ್ಲ. 1994ರಲ್ಲಿ ಬ್ರೆಜಿಲ್ಲಿನ ಹಿಮಗಟ್ಟುವ ಚಳಿಯಿಂದ ಬೆಲೆ ಏರಿದಾಗ ಗದ್ದೆಯನ್ನೂ ಕಾಫಿ ಮಾಡಿ, 1999ರ ನಂತರ ಐದಾರು ವರ್ಷ ಕೊಯ್ಲಿನ ಕೂಲಿ ಹುಟ್ಟದೆ ಒದ್ದಾಡಿದವರು ನಮ್ಮ ಸದಸ್ಯರಲ್ಲೇ ಎಷ್ಟೋ ಮಂದಿ ಇದ್ದಾರೆ. ಎಲ್ಲವೂ ಫಲಿಸಿತೆಂದೂ ಅಲ್ಲ. ರೋಗದ ತೋಟದ ನಡುವೆಯೂ ಹಸುರಾಗಿ ನಿಂತ ಮರಗಳ ಗೋಟಿನಿಂದ ಗೌಡ್ರು ಆಸೆಪಟ್ಟು ಎಬ್ಬಿಸಿದ ಹದಿನೆಂಟು ಅಡಿಕೆ ಸಸಿಗಳಲ್ಲಿ ಹನ್ನೊಂದು ಈಗ ಹಳದಿಯಾಗಿವೆ. ಉಳಿದ ಏಳನ್ನು ಪ್ರತಿದಿನ ಹೋಗಿ ನೋಡುತ್ತಾರೆ. ಇಂಥ ಹಸುರು ಮರಗಳಿಂದಲೇ ರೋಗ ತಡೆಯುವ ತಳಿ ಪಡೆಯಲು ಸಂಶೋಧಕರೂ ಯತ್ನಿಸುತ್ತಿದ್ದಾರೆ, ಆಗುವಾಗ ಆಗಲಿ.

ಮಕ್ಕಳು ಈಗ ಕೊಯ್ಲಿನ ರಜೆಗೆ ಬರುತ್ತಾರಂತೆ. ಬಂದು ಫೋಟೋ ತೆಗೆಯುತ್ತಾರಂತೆ. ಗೌಡ್ರು ಅದರ ಬಗ್ಗೆ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಷ್ಟೆಲ್ಲ ಬರೆಯಲು ಕಾರಣವೊಂದಿದೆ. ನನ್ನ ಮೇಲಿನ ತೋಟದಲ್ಲಿ ಮೂರು ಎಕರೆ ಅರೇಬಿಕಾ ಇದೆ, ಎಸ್. 795, ನನ್ನ ತಂದೆ 1978ರಲ್ಲಿ ನೆಟ್ಟದ್ದು. ಬಿಳಿ ಕಾಂಡಕೊರಕ. ಪ್ರತಿ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಗೆರೆ ಎದ್ದ ಕಾಂಡಗಳನ್ನು ಹುಡುಕಿ, ಕಿತ್ತು, ಸುಡುತ್ತಾ ಬಂದಿದ್ದೇನೆ. ಕಳೆದ ಮಾರ್ಚ್‌ನಲ್ಲಿ ಸುಟ್ಟದ್ದು 412. ಉಳಿದ ಗಿಡಗಳ ನಡುವೆ ನಿಂತರೆ ಆಚೆ ರಸ್ತೆಯ ಬಸ್ಸು ಕಾಣುತ್ತದೆ. ನೆರಳಿನ ಮರಗಳನ್ನು ದುಡ್ಡಿನ ಅಡಚಣೆಯ ವರ್ಷವೊಂದರಲ್ಲಿ ಮಾರಿದ್ದು ನಾನೇ. ಬಿಡೀ ಸಾಹೇಬ 1869ರಲ್ಲೇ ಹೇಳಿದ್ದನ್ನು ಪದವೀಧರನಾದ ನಾನು ಕೇಳಲಿಲ್ಲ. ನನಗೀಗ ಐವತ್ತೇಳು. ಗೌಡ್ರಿಗೆ ಅಂದು ಹೇಳಿದ ಬುದ್ಧಿಮಾತನ್ನೆಲ್ಲ ನಾಲ್ಕು ವರ್ಷಗಳಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಈ ಏಪ್ರಿಲ್‌ನಲ್ಲಿ ಮೊದಲ ಅರ್ಧ ಎಕರೆಗೆ ಗುಂಡಿ ತೋಡಿಸಿದೆ. ನೆರಳಿಗೆ ಕಾಡುಮರದ ಸಸಿಗಳನ್ನು ಮೊದಲು ನೆಟ್ಟು, ನಡುವೆ ಮತ್ತೆ ಅರೇಬಿಕಾ. ವಿಷಯ ಗೌಡ್ರ ಕಿವಿಗೆ ಬಿತ್ತು. ಒಂದು ಶನಿವಾರ ಸಂಜೆ ಕೊಡೆ ಹಿಡಿದು ಬಂದರು. ಅರೇಬಿಕಾ ಮತ್ತೆ ಹಾಕುವುದು ಹುಚ್ಚುತನ, ರೊಬಸ್ಟಾ ಹಾಕಿ ಎಂದರು. ಈ ಎತ್ತರಕ್ಕೆ ಅರೇಬಿಕಾವೇ ಸರಿ ಎಂದೆ. ನಮ್ಮಿಬ್ಬರ ನಡುವೆ ಇದು ತೀರ್ಮಾನವಾಗುವಂಥದ್ದಲ್ಲ. ಆಮೇಲೆ ಕೊಡೆಯ ತುದಿಯನ್ನು ಗುಂಡಿಯೊಂದಕ್ಕೆ ಇಳಿಸಿ ನೋಡಿದರು, ಪಕ್ಕದ್ದಕ್ಕೆ ಇಳಿಸಿದರು, ಅದರ ಪಕ್ಕದ್ದಕ್ಕೂ.

"ಆಳುಗಳು ಒಂದಡಿಗೇ ನಿಲ್ಲಿಸಿದ್ದಾರೆ. ಕಚೇರಿಯಲ್ಲಿ ಕೂತು ಗುಂಡಿ ತೋಡಿಸಿದರೆ ಹೀಗೇ. ನಾಳೆ ಆದಿತ್ಯವಾರ ಅಲ್ಲವಾ, ಹಾರೆ ಇದೆಯಾ ನಿಮ್ಮಲ್ಲಿ?"

ಮರುದಿನ ಏಳು ಗಂಟೆಗೇ ಬಂದರು. ಅವರು ಮಣ್ಣು ಸಡಿಲಿಸಿದರು, ನಾನು ತೆಗೆದು ಹಾಕಿದೆ. ಮಧ್ಯಾಹ್ನ ಊಟಕ್ಕೆ ಏಳುವಷ್ಟರಲ್ಲಿ ಹದಿನಾಲ್ಕು ಗುಂಡಿ ಸರಿಯಾಗಿತ್ತು.